ಕಿರಿಮಂಜೇಶ್ವರದ ಸ್ಟಾಪು

ಉಮಾನಾಥ ಇಪ್ಪತ್ತಾರು ವರ್ಷ ಖಾಸಗಿ ಬಸ್ಸಿನಲ್ಲಿ ಕಂಡಕ್ಟರನಾಗಿದ್ದ. ಕುಂದಾಪುರದಿಂದ ಉತ್ತರಕ್ಕೆ ಬೈಂದೂರು, ಶಿರೂರು. ದಕ್ಷಿಣಕ್ಕೆ ಕೋಟ, ಸಾಸ್ತಾನ, ಬ್ರಹ್ಮಾವರ. ದಿನವೂ ಅದೇ ರಸ್ತೆ, ಅದೇ ಊರುಗಳ ಹೆಸರು ಕೂಗುವುದು. 2008ರ ಮಳೆಗಾಲ ಕಳೆಯುವ ಹೊತ್ತಿಗೆ ಸಕ್ಕರೆ ಕಾಯಿಲೆ ಹೆಚ್ಚಾಗಿ ಕೆಲಸ ಬಿಟ್ಟ. ದಿನಾ ಒಂದು ಗಂಟೆ ನಡೆಯಲೇಬೇಕೆಂದು ಡಾಕ್ಟರು ಹೇಳಿದರು. ತಲ್ಲೂರಿನ ಮನೆಯಿಂದ ಹೊರಟು ರಸ್ತೆಯ ತುದಿಯವರೆಗೆ ಹೋಗಿ ತಿರುಗಿ ಬರುವುದನ್ನು ನಾಲ್ಕು ದಿನ ಮಾಡಿದ. ಐದನೆಯ ದಿನ ಜಗಲಿಯಲ್ಲಿ ಕೂತುಬಿಟ್ಟ.

"ಸುಮ್ನೆ ಹೋಯಿ ಸುಮ್ನೆ ಬಪ್ದ್ ನನ್ ಹತ್ರ ಆತಿಲ್ಲೆ ಮಾರಾಯ್ತಿ," ಎಂದ ಹೆಂಡತಿಗೆ. "ನಡುದಾರೆ ಎಲ್ಲಿಗಾರೂ ಹೋಯ್ಕ್."

ಹೆಂಡತಿಯ ಹೆಸರು ಪದ್ಮಾವತಿ. ಕರೆಯುವುದು ಪದ್ದು ಎಂದು. ವಂಡ್ಸೆಯಲ್ಲಿ ಹುಟ್ಟಿ ಬೆಳೆದವಳು. ಮದುವೆಯಾಗಿ ತಲ್ಲೂರಿಗೆ ಬಂದು ಮೂವತ್ತು ವರ್ಷವಾದರೂ ಕಡಲನ್ನು ಅವಳು ನೋಡಿದ್ದೆಲ್ಲ ಮರವಂತೆಯಲ್ಲಿ, ಬಸ್ಸಿನ ಕಿಟಕಿಯಿಂದ. ಮಗಳು ದೀಕ್ಷಾ ಮದುವೆಯಾಗಿ ಕೊಕ್ಕರ್ಣೆಗೆ ಹೋದ ಮೇಲೆ ಮನೆಯಲ್ಲಿ ಅವರಿಬ್ಬರೇ. "ಸ್ಟಾಪಿನ್ ಹೆಸ್ರ್ ಮಾತ್ರ ಕೂಗ್ದದ್ದಲ್ದಾ ನೀವ್," ಎಂದಳು ಪದ್ದು. "ಅದ್ರ್ ಹಿಂದ್ ಎಂತ ಇತ್ತ್ ಅಂದೇಳಿ ಒಂದಿನ ಇಳ್ದ್ ಕಂಡಿದ್ರ್ಯಾ?"

ಆ ಮಾತು ಅವನಿಗೆ ಹಿಡಿಸಿತು. ಡಿಸೆಂಬರಿನ ಮೊದಲ ಗುರುವಾರ ಇಬ್ಬರೂ ಬೆಳಗಿನ ಬಸ್ಸು ಹತ್ತಿದರು. ಕುಂದಾಪುರದಲ್ಲಿ ಇಳಿದು ಬಸ್ಸು ಬದಲಿಸಿ ಸಾಸ್ತಾನ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಹಂಗಾರಕಟ್ಟೆ. ಅಲ್ಲಿ ಹೊಳೆ ಕಡಲು ಸೇರುತ್ತದೆ. ದೋಣಿಯಲ್ಲಿ ಆಚೆ ದಡದ ಕೋಡಿ ಬೆಂಗ್ರೆಗೆ ಹೋಗಿ, ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು ಇರುವ ಆ ಸಪೂರ ನೆಲದ ತುದಿಯಲ್ಲಿ ಇಬ್ಬರೂ ನಿಂತರು. ಪದ್ದು ಚಪ್ಪಲಿ ಕೈಗೆ ತೆಗೆದುಕೊಂಡು ಸೀರೆಯ ನೆರಿಗೆ ಎತ್ತಿ ನೀರಿಗಿಳಿದಳು. ಐವತ್ತೆರಡನೇ ವಯಸ್ಸಿನಲ್ಲಿ ಕಡಲಿನ ನೀರು ಮೊದಲ ಸಲ ಅವಳ ಕಾಲು ಮುಟ್ಟಿತು. ತೆರೆ ಹಿಂದೆ ಹೋಗುವಾಗ ಕಾಲಡಿಯ ಹೊಯ್ಗೆಯೂ ಜಾರಿತು. ಹೆದರಿ ಗಂಡನ ತೋಳು ಹಿಡಿದಳು. ಆಮೇಲೆ ತಾನೇ ನಕ್ಕಳು.

ಹಾಗೆ ಶುರುವಾಯಿತು. ಪ್ರತಿ ಗುರುವಾರ ಡಬ್ಬಿಯಲ್ಲಿ ಅವಲಕ್ಕಿ, ನಾಲ್ಕು ಬಾಳೆಹಣ್ಣು, ಒಂದು ಬಾಟಲಿ ನೀರು. ಬಸ್ಸಿನಲ್ಲಿ ಹೋಗಿ ಇಳಿಯುವುದು, ಪಡುವಣಕ್ಕೆ ನಡೆದು ಕಡಲು ಮುಟ್ಟುವುದು, ದಡ ಹಿಡಿದು ಬಡಗು ಮುಖವಾಗಿ ನಡೆಯುವುದು, ಬಿಸಿಲು ಏರಿದಾಗ ಗಾಳಿಮರದ ತೋಪಿನಲ್ಲಿ ಕೂತು ತಿನ್ನುವುದು, ಮಧ್ಯಾಹ್ನದ ಮೇಲೆ ಯಾವುದಾದರೂ ಓಣಿ ಹಿಡಿದು ಹೆದ್ದಾರಿಗೆ ಬಂದು ಬಸ್ಸು ಹತ್ತುವುದು. ಮುಂದಿನ ವಾರ ಬಿಟ್ಟಲ್ಲಿಂದಲೇ ಶುರು. ಕೋಡಿ ಕನ್ಯಾನದಿಂದ ಪಾರಂಪಳ್ಳಿ, ಕೋಟದ ಪಡುಕೆರೆ. ಅಲ್ಲಿಂದ ಬೀಜಾಡಿ, ಕುಂದಾಪುರ ಕೋಡಿಯ ದೀಪಸ್ತಂಭ. ಕೋಡಿಯ ಹೊಳೆಬಾಯಿ ದಾಟಿ ಗಂಗೊಳ್ಳಿ. ಗಂಗೊಳ್ಳಿಯ ಬಂದರಿನಲ್ಲಿ ಮೀನು ಇಳಿಸುವ ಗಲಾಟೆಯ ನಡುವೆ ಪದ್ದು ಅರ್ಧ ಗಂಟೆ ನಿಂತೇ ಇದ್ದಳು. ಐಸ್ ಪ್ಲಾಂಟಿನಿಂದ ಜಾರಿ ಬರುವ ಮಂಜುಗಡ್ಡೆಯ ದೊಡ್ಡ ದಿಮ್ಮಿಗಳನ್ನು ಗೋಣಿ ಹೊದ್ದ ಗಂಡಸರು ಕೊಕ್ಕೆಯಿಂದ ಎಳೆದು ಪುಡಿಮಾಡುತ್ತಿದ್ದರು. ಉಮಾನಾಥ ಅತ್ತ ನೋಡಲೇ ಇಲ್ಲ. "ಹೋಪ, ಹೊತ್ತಾಯ್ತ್" ಎಂದು ಅವಸರ ಮಾಡಿದ.

ನಡೆಯುತ್ತ ನಡೆಯುತ್ತ ಅವನ ಮುಖಕ್ಕೆ ಕಳೆ ಬಂತು. ಬಸ್ಸಿನಲ್ಲಿ ದಿನಾ ಕಾಣುತ್ತಿದ್ದ ಮುಖಗಳು ಈಗ ಅವರವರ ಅಂಗಳದಲ್ಲಿ ಸಿಗುತ್ತಿದ್ದವು. "ಹ್ವಾಯ್ ಕಂಡಕ್ಟ್ರೇ, ನೀವೆಂತ ಇಲ್ಲಿ?" ಎಂದು ಮೀನು ಒಣಗಿಸುವ ಹೆಂಗಸರು ಕರೆದು ಮಜ್ಜಿಗೆ ಕೊಡುತ್ತಿದ್ದರು. ಮದುವೆಯಾದಂದಿನಿಂದ ಗಂಡನ ಜೊತೆ ಇಷ್ಟು ಹೊತ್ತು ಒಟ್ಟಿಗೆ ಇದ್ದದ್ದು ಪದ್ದುವಿಗೆ ನೆನಪಿರಲಿಲ್ಲ. ಬೆಳಗ್ಗೆ ಆರಕ್ಕೆ ಹೋಗಿ ರಾತ್ರಿ ಒಂಬತ್ತಕ್ಕೆ ಬರುವ ಗಂಡಸು ಮನೆಗೆ ನೆಂಟನ ಹಾಗೆಯೇ ಸೈ.

ಫೆಬ್ರವರಿಯಲ್ಲಿ ಮರವಂತೆಯಿಂದ ನಾವುಂದದವರೆಗೆ ನಡೆದರು. ಮುಂದಿನ ವಾರ ಬಸ್ಸು ಹತ್ತಿದಾಗ ಉಮಾನಾಥ ಎರಡು ಉಪ್ಪುಂದದ ಟಿಕೆಟ್ ಕೇಳಿದ.

"ನಾವುಂದ ಅಲ್ದಾ?" ಎಂದಳು ಪದ್ದು. "ನಡು ಉಳ್ದದ್ದ್?"

"ಅಲ್ಲೆಂತ ಇಲ್ಲೆ. ಬರೀ ಹೊಯ್ಗಿ."

ಎಲ್ಲ ಕಡೆಯೂ ಹೊಯ್ಗೆಯೇ ಇತ್ತು. ಆದರೂ ಅವಳು ಸುಮ್ಮನಾದಳು. ಬಸ್ಸು ಕಿರಿಮಂಜೇಶ್ವರದಲ್ಲಿ ನಿಂತಾಗ ಅವನು ಮುಖ ಆಚೆ ತಿರುಗಿಸಿ, ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡುತ್ತ ಕೂತ. ಬಸ್ಸು ಹೊರಟ ಮೇಲೆಯೇ ತಲೆ ಎತ್ತಿದ. ಅದನ್ನು ಪದ್ದು ಕಂಡಳು.

ಉಪ್ಪುಂದದಿಂದ ಪಡುವರಿಯ ಸೋಮೇಶ್ವರ, ಅಲ್ಲಿಂದ ಶಿರೂರು. ಮಾರ್ಚ್ ತಿಂಗಳ ಎರಡನೇ ಗುರುವಾರ ಶಿರೂರಿನ ಕಡಲ ದಡದಲ್ಲಿ ಕೂತು ಡಬ್ಬಿ ಬಿಚ್ಚಿದಾಗ ಉಮಾನಾಥ, "ಇಲ್ಲಿಗ್ ಮುಗೀತ್ ಕಾಣ್ ಪದ್ದು. ಇಲ್ಲಿಂದ್ ಮುಂದೆ ಭಟ್ಕಳ," ಎಂದ.

"ಮುಗೂದ್ ಹ್ಯಾಂಗೆ? ನಾವುಂದದಿಂದ ಉಪ್ಪುಂದದ್ ಈಚೆ ಕೊಡೇರಿ ತನ್ಕ ಹಾಂಗೇ ಇತ್ತಲೆ." ಅವಳು ಅವಲಕ್ಕಿಯನ್ನು ಎಲೆಗೆ ಹಾಕುತ್ತ ಸಹಜವಾಗಿಯೇ ಮಾತು ಮುಂದುವರಿಸಿದಳು. "ಸುಬ್ಬಣ್ಣನ ಮನಿ ಅಲ್ಲೇ ಕಿರಿಮಂಜೇಶ್ವರದಂಗೆ ಅಲ್ದಾ? ಬಸ್ಸ್ ಬಪ್ಪತ್ತಿಗೆ ಅವ್ರ್ ಹೆಂಡ್ತಿ ಬುತ್ತಿ ಹಿಡ್ಕಂಡ್ ನಿಂತಿಪ್ದ್, ನೀವೇ ಹೇಳ್ತಿದ್ರಿ. ಪಾಪ, ಆ ಕೇಸ್ ಆದ್ಮೇಲೆ ಎಂತ ಆರ್ ಅಂದೇಳಿ ಗೊತ್ತೇ ಇಲ್ಲೆ. ಒಂದ್ಸರ್ತಿ ಹೋಯಿ ಕಂಡ್ಕಂಡ್ ಬಪ್ಪ."

ಸುಬ್ಬ ಉಮಾನಾಥನ ಬಸ್ಸಿನ ಡ್ರೈವರ್. ಒಂಬತ್ತು ವರ್ಷ ಇಬ್ಬರೂ ಒಂದೇ ಬಸ್ಸಿನಲ್ಲಿ ದುಡಿದವರು. 1997ರ ಜುಲೈಯಲ್ಲಿ ಒಂದು ಸಂಜೆ, ಜೋರು ಮಳೆಯಲ್ಲಿ, ನಾಗೂರಿನ ಸ್ಟಾಪಿನಲ್ಲಿ ಇಳಿಯುತ್ತಿದ್ದ ಅಮ್ಮಣ್ಣಿ ಎಂಬ ಮುದುಕಿ ಕಾಲು ನೆಲಕ್ಕೂರುವ ಮೊದಲೇ ಬಸ್ಸು ಹೊರಟು, ಬಿದ್ದು, ಹಿಂದಿನ ಚಕ್ರಕ್ಕೆ ಸಿಕ್ಕಿ ಸತ್ತಿದ್ದಳು. ಕಂಡಕ್ಟರ್ ಸೀಟಿ ಊದದೆಯೇ ಡ್ರೈವರ್ ಗಾಡಿ ಬಿಟ್ಟನೆಂದು ಕೋರ್ಟಿನಲ್ಲಿ ತೀರ್ಮಾನವಾಗಿ ಸುಬ್ಬನಿಗೆ ಆರು ತಿಂಗಳು ಜೈಲಾಯಿತು, ಲೈಸೆನ್ಸ್ ಹೋಯಿತು. ಅಷ್ಟು ಪದ್ದುವಿಗೆ ಗೊತ್ತಿತ್ತು.

ಉಮಾನಾಥ ಎಲೆಯನ್ನು ಕೆಳಗಿಟ್ಟ. "ಸುಬ್ಬ ಇಲ್ಲೆ. ತೀರ್ಹೋಯಿ ಎರಡ್ ವರ್ಷ ಆಯ್ತ್."

"ಹಾಂ? ನಿಮ್ಗ್ ಗೊತ್ತಿತ್ತಾ?"

"ಬಸ್ಸಂಗೆ ಯಾರೋ ಹೇಳ್ದ್ರ್."

"ಮತ್ ನಂಗ್ ಹೇಳ್ಲಿಲ್ಲ! ಮಾತಾಡ್ಸುಕೂ ಹೋಯ್ಲಿಲ್ಲ?"

ಅವನು ಕಡಲಿನ ಕಡೆ ತಿರುಗಿ ಕೂತ. ದೂರದಲ್ಲಿ ಎರಡು ದೋಣಿಗಳು ಬಲೆ ಎಳೆಯುತ್ತಿದ್ದವು. ಆಮೇಲೆ, ಅವಳ ಕಡೆ ತಿರುಗದೆ, "ಪದ್ದು, ಸೀಟಿ ಊದ್ದದ್ದ್ ನಾನೇ," ಎಂದ.

ಅವಳಿಗೆ ಮೊದಲು ಅರ್ಥವಾಗಲಿಲ್ಲ.

"ಹಿಂದ್ ಬೇರೆ ಬಸ್ಸ್ ಬತ್ತಾ ಇದ್ದಿತ್. ಟೈಮ್ ಹೋಯ್ತ್ ಅಂದೇಳಿ ಹಾರ್ನ್ ಮೇಲ್ ಹಾರ್ನ್. ಅಮ್ಮಣ್ಣಿದ್ ಒಂದ್ ಕಾಲ್ ಮೆಟ್ಲ್ ಮೇಲೇ ಇದ್ದಿತ್. ಇಳ್ದ್ರ್ ಅಂದ್ಕಂಡ್ ನಾನ್ ಊದ್ದೆ. ಸುಬ್ಬ ಸೀಟಿ ಕೇಂಡೇ ಬಿಟ್ಟದ್ದ್. ಪೊಲೀಸ್ರ್ ಬಂದ್, ಸೀಟಿ ಊದ್ದದ್ದ್ ಯಾರ್ ಅಂದೇಳಿ ಕೇಂಡ್ರ್. ಬಾಯಿಗ್ ಬಂದೋಯ್ತ್. ನಾನ್ ಊದ್ಲಿಲ್ಲ ಅಂದೆ. ಒಂದ್ಸಲ ಹೇಳ್ದ್ ಮೇಲೆ ಮತ್ತೆ ತಿರ್ಗ್ಸುಕೆ ಆಯ್ಲಿಲ್ಲ. ಕೋರ್ಟಂಗೂ ಅದನ್ನೇ ಹೇಳ್ದೆ. ಸುಬ್ಬ ಅಲ್ಲೇ ನಿಂತ್ಕಂಡ್ ನನ್ನನ್ನೇ ಕಾಣ್ತಿದ್ದ. ಸೀಟಿ ಕೇಂಡಿತ್, ಸೀಟಿ ಕೇಂಡಿತ್ ಅಂದ. ಆ ಮಳಿಯಂಗೆ, ಆ ಹಾರ್ನಂಗೆ ನಿಂಗ್ ಸೀಟಿ ಹ್ಯಾಂಗ್ ಕೇಂಡಿತ್ ಅಂದೇಳಿ ವಕೀಲ್ರ್ ಕೇಂಡ್ರ್. ಅವ ಎಂತ ಹೇಳ್ಕ್?"

ಪದ್ದು ಡಬ್ಬಿಯ ಮುಚ್ಚಳ ಹಾಕಿದಳು. ಎದ್ದು ನಿಂತಳು. ಸೀರೆಗೆ ಅಂಟಿದ ಹೊಯ್ಗೆ ಕೊಡವಿಕೊಂಡು ಹೆದ್ದಾರಿಯ ಕಡೆ ನಡೆದಳು. ಹಿಂದಿನಿಂದ ಅವನು ಬರುತ್ತಿದ್ದಾನೋ ಇಲ್ಲವೋ ತಿರುಗಿ ನೋಡಲಿಲ್ಲ. ಬಸ್ಸಿನಲ್ಲಿ ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು. ಅವನು ಹಿಂದೆ ಎಲ್ಲೋ ನಿಂತುಕೊಂಡ.

ಆ ವಾರವಿಡೀ ಮನೆಯಲ್ಲಿ ಮಾತಿರಲಿಲ್ಲ. ಅನ್ನ ಬೇಯುತ್ತಿತ್ತು, ಸಾರು ಕುದಿಯುತ್ತಿತ್ತು, ಅವನಿಗೆ ಬಡಿಸಿ ಅವಳು ಹಿತ್ತಿಲಿಗೆ ಹೋಗುತ್ತಿದ್ದಳು. ಅವಳನ್ನು ಕಾಡಿದ್ದು ಗಂಡನ ಸುಳ್ಳೊಂದೇ ಅಲ್ಲ. ಕೇಸು ನಡೆಯುತ್ತಿದ್ದಾಗ, ಗಂಡನಿಗೆ ಏನೂ ಆಗದಿರಲೆಂದು ಅವಳು ಊರ ದೇವಸ್ಥಾನದಲ್ಲಿ ರಂಗಪೂಜೆಯ ಹರಕೆ ಹೊತ್ತಿದ್ದಳು. ಸುಬ್ಬನಿಗೆ ಶಿಕ್ಷೆಯಾದ ಸುದ್ದಿ ಬಂದ ಮುಂದಿನ ಶುಕ್ರವಾರವೇ ಹೊಸ ಸೀರೆಯುಟ್ಟು ಹೋಗಿ ಹರಕೆ ತೀರಿಸಿದ್ದಳು. ಸಾಲಾಗಿ ಹಚ್ಚಿಟ್ಟ ದೀಪಗಳ ಮುಂದೆ ಕೈಮುಗಿದು ನಿಂತು, ದೇವರು ದೊಡ್ಡವನು ಎಂದುಕೊಂಡಿದ್ದಳು. ಆ ಹೊತ್ತಿಗೆ ಇನ್ನೊಂದು ಮನೆಯಲ್ಲಿ ಒಬ್ಬಳು ಹೆಂಗಸು ಏನು ಮಾಡುತ್ತಿದ್ದಿರಬಹುದು ಎಂಬ ಯೋಚನೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಅವಳಿಗೆ ಬಂದಿರಲಿಲ್ಲ. ಈಗ ಬಂತು, ಬಂದದ್ದು ಹೋಗಲಿಲ್ಲ.

ಗುರುವಾರ ಬೆಳಗ್ಗೆ ಅವಳು ಅವಲಕ್ಕಿ ಕಲಸಿ ಡಬ್ಬಿಗೆ ತುಂಬಿದಳು.

"ಹೊರ್ಡಿ," ಎಂದಳು.

"ಎಲ್ಲಿಗೆ?"

"ಉಳ್ದದ್ದ್ ಇತ್ತಲೆ."

ಅವನು ವಾದ ಮಾಡಲಿಲ್ಲ. ಅಂಗಿ ಹಾಕಿಕೊಂಡು ಬಂದ. ಬಸ್ಸಿನಲ್ಲಿ ಮಾತ್ರ ಮೆಲ್ಲಗೆ, "ಸೀದಾ ಆ ಸ್ಟಾಪಂಗೆ ಇಳುಕೆ ನನ್ನಿಂದ್ ಆತಿಲ್ಲೆ ಪದ್ದು. ನಾವುಂದದಂಗೆ ಇಳ್ದ್ ನಡ್ಕಂಡೇ ಹೋಪ," ಎಂದ. ಅವಳು ಒಪ್ಪಿದಳು.

ನಾವುಂದದಿಂದ ಕಿರಿಮಂಜೇಶ್ವರಕ್ಕೆ ದಡದ ದಾರಿ ದೂರವೇನಲ್ಲ. ಆ ದಿನ ಅದು ಮುಗಿಯುವ ಹಾಗೇ ಕಾಣಲಿಲ್ಲ. ಕಡಲು ತಣ್ಣಗಿತ್ತು. ದಡಕ್ಕೆ ಎಳೆದಿಟ್ಟ ದೋಣಿಗಳ ನೆರಳಿನಲ್ಲಿ ಮುದುಕರು ಬಲೆ ಹೆಣೆಯುತ್ತಿದ್ದರು. ಯಾರೋ "ಎಲ್ಲಿಗೆ ಕಂಡಕ್ಟ್ರೇ?" ಎಂದು ಕೂಗಿದರೆ ಉಮಾನಾಥ ಕೈ ಎತ್ತಿದ ಅಷ್ಟೇ. ಎರಡು ಸಲ ಅವನು ನಿಂತುಬಿಟ್ಟ. ಎರಡು ಸಲವೂ ಪದ್ದು ಹತ್ತು ಹೆಜ್ಜೆ ಮುಂದೆ ಹೋಗಿ ಕಾದಳು. ಕರೆಯಲಿಲ್ಲ, ಹಿಂದೆ ಬರಲೂ ಇಲ್ಲ. ಮೂರನೆಯ ಸಲ ಅವನು ನಿಲ್ಲಲಿಲ್ಲ.

ಸುಬ್ಬನ ಮನೆ ತೋರಿಸಲು ಯಾರೂ ಬೇಕಾಗಲಿಲ್ಲ. ಉಮಾನಾಥನಿಗೆ ಗೊತ್ತಿತ್ತು. ತೆಂಗಿನ ತೋಟದ ಅಂಚಿನಲ್ಲಿ ಹಂಚಿನ ಸಣ್ಣ ಮನೆ. ಜಗಲಿಯಲ್ಲಿ ಸುಬ್ಬನ ಹೆಂಡತಿ ಸುಂದರಿ ತೊಡೆಯ ಮೇಲೆ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ತಲೆ ಪೂರ್ತಿ ನೆರೆದಿತ್ತು. ಕಣ್ಣು ಕಿರಿದು ಮಾಡಿ ನೋಡಿ, ಗುರುತು ಹಿಡಿದಳು.

"ಕಂಡಕ್ಟ್ರಾ? ಬನ್ನಿ ಬನ್ನಿ. ಕೂಕಣಿ. ಇವ್ರ್ ಮನಿಯೋರಾ?" ಒಳಗೆ ಹೋಗಿ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ತಂದಿಟ್ಟಳು. "ಅವ್ರ್ ಹೋದದ್ದ್ ಗೊತ್ತಾಯ್ತಾ? ಎರಡ್ ವರ್ಷ ಹಿಂದೆ ಕಾರ್ತೀಕದಂಗೆ. ಎದಿನೋವ್ ಅಂದ್ರ್, ಆಸ್ಪತ್ರಿಗ್ ಮುಟ್ಲಿಲ್ಲ."

ಉಮಾನಾಥ ಬೆಲ್ಲ ಮುಟ್ಟಲಿಲ್ಲ. ನೀರೂ ಮುಟ್ಟಲಿಲ್ಲ. ಜಗಲಿಯ ಕೆಳಗೆ ಅಂಗಳದಲ್ಲೇ ನಿಂತುಕೊಂಡು, ಶಿರೂರಿನಲ್ಲಿ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದ. ಮತ್ತೆ ಗೆರಸೆ ಹಿಡಿದಿದ್ದ ಸುಂದರಿಯ ಬೆರಳುಗಳು ಮೊದಲು ಎಲೆ ಸುತ್ತುತ್ತಲೇ ಇದ್ದವು. ಒಂದು ಬೀಡಿ ಕಟ್ಟಿಯಾಯಿತು, ಇನ್ನೊಂದಕ್ಕೆ ಎಲೆ ತೆಗೆದುಕೊಂಡಳು, ಅದಕ್ಕೆ ಹೊಗೆಸೊಪ್ಪು ಹಾಕಿದಳು. ಅಲ್ಲಿಗೆ ಕೈ ನಿಂತಿತು.

ಅವನು ಹೇಳಿ ಮುಗಿಸಿದ. ತೋಟದಲ್ಲಿ ತೆಂಗಿನ ಒಂದು ಒಣ ಮಡಲು ಬಿತ್ತು. ಬೈಗುಳ ಬರಬಹುದು, ಗೆರಸೆ ಎತ್ತಿ ಎಸೆಯಬಹುದು ಎಂದು ಪದ್ದು ಕಾಯುತ್ತಿದ್ದಳು. ಬಂದದ್ದು ಅದಲ್ಲ.

"ಅವ್ರ್ ಹೇಳ್ತಿದ್ರ್," ಎಂದಳು ಸುಂದರಿ. ಅವನನ್ನು ನೋಡಿ ಅಲ್ಲ, ಪದ್ದುವನ್ನು ನೋಡಿ. "ಜೈಲಿಂದ್ ಬಂದ್ ದಿನ ಹೇಳ್ದ್ರ್. ಮತ್ತೂ ಹೇಳ್ತಿದ್ರ್. ಸೀಟಿ ಕೇಂಡಿತ್ ಸುಂದರಿ, ಕೇಳ್ದೇ ಬಿಡುಕೆ ನಂಗೇನ್ ಮರ್ಲಾ ಅಂದೇಳಿ. ಹೌದ್ ಹೌದ್, ಉಣ್ಣಿ ಅಂತಿದ್ದೆ ನಾನ್. ನಂಬ್ಲಿಲ್ಲ ನಾನ್. ಕೋರ್ಟೇ ಹೇಳಿತ್ತಲೆ. ಈ ಕಂಡಕ್ಟ್ರ್ ಮನಿಗ್ ಬಂದ್ ನನ್ ಕೈಯಂಗೆ ಉಂಡೋರ್, ಸುಳ್ಳ್ ಹೇಳುವೋರಲ್ಲ ಅಂದ್ಕಂಡೆ. ಗಂಡನ್ನ್ ಬಿಟ್ಟ್ ಇವ್ರನ್ನ್ ನಂಬ್ದೆ."

"ಅಕ್ಕಾ..." ಎಂದಳು ಪದ್ದು.

"ಅವ್ರಿಗ್ ಅದ್ ಗೊತ್ತಾಯಿತ್. ಮಾತ್ ಕಮ್ಮಿ ಆಯ್ತ್. ಬಸ್ಸಿನೋರ್ ಯಾರೂ ಕರೀಲಿಲ್ಲ. ಗಂಗೊಳ್ಳಿ ಐಸ್ ಪ್ಲಾಂಟಂಗೆ ಮಂಜುಗಡ್ಡಿ ಎಳುಕೆ ಹೋರ್, ಸೈಕಲ್ ತುಳ್ಕಂಡ್. ಬಸ್ಸ್ ಹತ್ಲೇ ಇಲ್ಲ ಮತ್ತೆ. ಕಡಿಗಡಿಗೆ ಒಂದಿನ ಎಂತ ಅಂದ್ರ್ ಗೊತ್ತಿತ್ತಾ? ಸುಂದರಿ, ಸೀಟಿ ಊದ್ಲಿಲ್ಲ ಅಂದೇಳಿ ಕಾಣ್ತ್, ನಂಗೇ ಹಾಂಗ್ ಕೇಂಡದ್ದ್ ಅಂದೇಳಿ ಕಾಣ್ತ್ ಅಂದ್ರ್." ಕೈಯಲ್ಲಿದ್ದ ಎಲೆಯ ಹೊಗೆಸೊಪ್ಪನ್ನು ಅವಳು ಗೆರಸೆಗೆ ಸುರಿದಳು. "ಅವ್ರ್ ಕಿವಿನೇ ಅವ್ರ್ ನಂಬ್ದೇ ಸತ್ರ್."

ಗಂಗೊಳ್ಳಿಯ ಬಂದರಿನಲ್ಲಿ ಗಂಡ ಯಾಕೆ ಮುಖ ತಿರುಗಿಸಿದನೆಂದು ಪದ್ದುವಿಗೆ ಆಗ ತಿಳಿಯಿತು. ಅವನಿಗೆ ಇದೆಲ್ಲ ಗೊತ್ತಿತ್ತು. ಸುಬ್ಬ ಎಲ್ಲಿ ಏನು ಮಾಡುತ್ತಿದ್ದಾನೆಂದು ವರ್ಷಗಟ್ಟಲೆ ಗೊತ್ತಿಟ್ಟುಕೊಂಡೇ ಅವನು ಆ ದಾರಿಯಲ್ಲಿ ಟಿಕೆಟ್ ಹರಿಯುತ್ತಿದ್ದ. ಉಮಾನಾಥ ಅಂಗಳದ ಮಣ್ಣಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಮುಖ ಮುಚ್ಚಿಕೊಂಡಿದ್ದ. ಪದ್ದು ಎದ್ದು ಹೋಗಿ ಹಿಡಿಯಲಿಲ್ಲ.

ಸುಂದರಿ ಗೆರಸೆ ಬದಿಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. "ಏಳಿ," ಎಂದಳು. "ನನ್ ಹತ್ರ ಹೇಳ್ರೆ ಮುಗೀಲಿಲ್ಲ. ಜೈಲಿಂದ್ ಬಂದ್ ಎರಡನೇ ದಿನ ಅವ್ರ್ ಅಮ್ಮಣ್ಣಿ ಮನಿಗ್ ನಡ್ಕಂಡ್ ಹೋಯಿದ್ರ್. ಅಂಗ್ಳದಂಗೆ ಮಧ್ಯಾಹ್ನ ತನ್ಕ ಕೂತಿದ್ರಂಬ್ರ್. ಯಾರೂ ಮಾತಾಡ್ಲಿಲ್ಲ. ಇವತ್ತ್ ನೀವ್ ಬನ್ನಿ."

ಮೂವರೂ ಹೊರಟರು. ಸುಂದರಿ ಮುಂದೆ, ಹಿಂದೆ ಪದ್ದು, ಅವಳ ಹಿಂದೆ ಉಮಾನಾಥ. ಹೆದ್ದಾರಿಯ ಅಂಚಿನಲ್ಲಿ ನಾಗೂರಿನವರೆಗೆ ನಡೆಯುವಾಗ ಲಾರಿ, ಬಸ್ಸುಗಳು ಗಾಳಿ ಬೀಸಿ ಹೋಗುತ್ತಿದ್ದವು. ಒಂದು ಬಸ್ಸಿನವ ಉಮಾನಾಥನ ಗುರುತು ಹಿಡಿದು, ಹತ್ತಲಿ ಎಂದು ನಿಧಾನ ಮಾಡಿದ. ಸುಂದರಿ ಬೇಡವೆಂದು ಕೈ ಆಡಿಸಿದಳು.

ಅಮ್ಮಣ್ಣಿಯ ಮನೆಯಲ್ಲಿ ಈಗ ಇರುವವಳು ಮಗಳು ಸುಗುಣ. ಹಟ್ಟಿಯಿಂದ ಸಗಣಿಯ ಬುಟ್ಟಿ ಹೊತ್ತುಕೊಂಡು ಬಂದವಳು ಅಂಗಳದಲ್ಲಿ ಮೂವರನ್ನು ಕಂಡು ನಿಂತಳು. ಸುಂದರಿಯ ಗುರುತು ಅವಳಿಗೆ ಸಿಕ್ಕಿತು, ಮುಖ ಬಿಗಿಯಾಯಿತು. ಸುಂದರಿ ಒಂದೇ ಮಾತು ಹೇಳಿದಳು: "ಇವ್ರ್ ಆ ಬಸ್ಸಿನ್ ಕಂಡಕ್ಟ್ರ್. ಎಂತ ಹೇಳ್ತ್ರ್ ಕೇಂಡ್ಕಣಿ."

ಉಮಾನಾಥ ಮೂರನೆಯ ಸಲ ಹೇಳಿದ. ಈ ಸಲ ತಡವರಿಸಲಿಲ್ಲ, ಹಾರ್ನಿನ ಮಾತು ತೆಗೆಯಲಿಲ್ಲ, ಮಳೆಯ ಮಾತೂ ತೆಗೆಯಲಿಲ್ಲ. "ನಿಮ್ಮಮ್ಮ ಇಳೂದ್ರೊಳ್ಗೆ ನಾನ್ ಸೀಟಿ ಊದ್ದೆ. ಊದ್ಲಿಲ್ಲ ಅಂದೇಳಿ ಸುಳ್ಳ್ ಹೇಳ್ದೆ. ತಪ್ಪ್ ಸುಬ್ಬಂದಲ್ಲ, ನಂದ್."

ಸುಗುಣ ಬುಟ್ಟಿ ಇಳಿಸಿದಳು. ಕೈಯನ್ನು ಸೀರೆಗೆ ಒರೆಸಿಕೊಂಡಳು. ಅವಳು ಕೇಳಿದ್ದು ಯಾರೂ ಎಣಿಸದ ಪ್ರಶ್ನೆ.

"ನೀವ್ ಹಿಂದಿನ್ ಬಾಗ್ಲಂಗೆ ಇದ್ರಿ ಅಲ್ದಾ. ಹಾಂಗಾರೆ ಅಮ್ಮನ್ ಹತ್ರ ಮೊದ್ಲ್ ಬಂದದ್ದ್ ನೀವೇ. ಅಮ್ಮ ಎಂತಾರೂ ಹೇಳಿತಾ?"

ಇದನ್ನು ಉಮಾನಾಥ ಹೆಂಡತಿಗೂ ಹೇಳಿರಲಿಲ್ಲ.

"ಹೇಳ್ದ್ರ್," ಎಂದ. "ನಾನ್ ತಲಿ ಎತ್ತಿ ತೊಡಿ ಮೇಲ್ ಇಟ್ಕಂಡಿದ್ದೆ. ಚೀಲ ತೋರ್ಸಿ, ಮಗ್ಳಿಗ್ ಮದ್ದ್ ಇತ್ತ್ ಅಂದ್ರ್. ಮತ್ತೆ... ಮಗ್ಳಿಗ್ ಒಮ್ಮೆಲೇ ಹೇಳ್ಬೇಡಿ, ಬಾಣಂತಿ, ಹೆದ್ರ್ಕಂತ್ಳ್, ಮೆಲ್ಲ ಹೇಳಿ ಅಂದ್ರ್. ಅಷ್ಟೇ."

ಸುಗುಣ ಹೆತ್ತು ಹನ್ನೆರಡು ದಿನವಾಗಿತ್ತು ಆಗ. ಬಾಣಂತಿ ಮದ್ದು ತರಲೆಂದೇ ಅಮ್ಮಣ್ಣಿ ಕುಂದಾಪುರಕ್ಕೆ ಹೋಗಿದ್ದಳು. ಅವಳ ಸಾವನ್ನು ಯಾರೂ ಮೆಲ್ಲ ಹೇಳಲಿಲ್ಲ. ರಸ್ತೆಯಿಂದ ಓಡಿ ಬಂದವರು ಕಿಟಕಿಯ ಹೊರಗಿನಿಂದಲೇ ಕೂಗಿ ಹೇಳಿದ್ದರು. ಮದ್ದಿನ ಚೀಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ಹನ್ನೆರಡ್ ವರ್ಷ," ಎಂದಳು ಸುಗುಣ. "ನನ್ ಅಮ್ಮ ನಂಗ್ ಹೇಳಿ ಕಳ್ಸಿದ್ ಮಾತ್. ನೀವ್ ಇಟ್ಕಂಡ್ ಕೂತ್ರಿ."

"ಬಪ್ಪುಕೆ ಧೈರ್ಯ ಬರ್ಲಿಲ್ಲ."

ಸುಗುಣ ಅಳಲಿಲ್ಲ. ಸುಂದರಿಯ ಹತ್ತಿರ ಬಂದಳು. "ಅಕ್ಕಾ, ಅವತ್ತ್ ಅವ್ರ್ ಬಂದಾಗ ನಾನ್ ಬಾಗ್ಲ್ ಹಾಯ್ಕಂಡೆ. ಒಂದ್ ಲೋಟ ನೀರ್ ಕೊಡ್ಲಿಲ್ಲ. ಒಳ್ಗ್ ಬನ್ನಿ." ಸುಂದರಿಯ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಬಾಗಿಲಲ್ಲಿ ತಿರುಗಿ ಉಮಾನಾಥನಿಗೆ, "ನೀವ್ ಹೊರ್ಡಿ," ಎಂದಳು. ಕೂಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಪದ್ದುವಿನ ಕಡೆ ನೋಡಿ, "ನೀವ್ ಬಪ್ದಾರೆ ಬನ್ನಿ," ಎಂದಳು.

ಪದ್ದುವಿಗೆ ಒಳಗೆ ಹೋಗಬೇಕೆನ್ನಿಸಿತು. ಆ ಇಬ್ಬರು ಹೆಂಗಸರ ಜೊತೆ ನೆಲದ ಮೇಲೆ ಕೂತು, ತಾನು ಹಚ್ಚಿದ ದೀಪಗಳ ಕತೆಯನ್ನೂ ಹೇಳಿಬಿಡಬೇಕೆನ್ನಿಸಿತು. ಗಂಡನನ್ನು ಅವಳು ಕ್ಷಮಿಸಿರಲಿಲ್ಲ. ಆದರೆ ಅವನು ಆ ಅಂಗಳದಿಂದ ಒಬ್ಬನೇ ನಡೆದು ಹೋಗುವುದನ್ನು ನೋಡಲು ಅವಳಿಂದಾಗಲಿಲ್ಲ. "ಇನ್ನೊಂದಿನ ಬತ್ತೆ," ಎಂದು ಹೇಳಿ ಅವನ ಹಿಂದೆ ಹೊರಟಳು.

ಅವಲಕ್ಕಿಯ ಡಬ್ಬಿ ಆ ದಿನ ಬಿಚ್ಚದೆಯೇ ಮನೆಗೆ ಬಂತು.

ಆಮೇಲಿನ ದಿನಗಳಲ್ಲಿ ಉಮಾನಾಥ ಒಬ್ಬ ವಕೀಲರನ್ನು ಕಂಡ. ಶಿಕ್ಷೆಯಾದವನು ಶಿಕ್ಷೆ ಮುಗಿಸಿ ತೀರಿಹೋಗಿದ್ದಾನೆ, ಈಗ ಇದನ್ನು ಎಬ್ಬಿಸಿ ಏನು ಮಾಡುತ್ತೀರಿ ಎಂದರು ಅವರು. ಆದರೂ ಉಮಾನಾಥ ನಡೆದದ್ದನ್ನೆಲ್ಲ ಕಾಗದದಲ್ಲಿ ಬರೆದು, ಸಹಿ ಹಾಕಿ, ಅಂಚೆಯಲ್ಲಿ ಸುಂದರಿಗೆ ಕಳಿಸಿದ. ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಡ್ರೈವರು, ಕಂಡಕ್ಟರುಗಳು ಕೂರುವ ಚಾದಂಗಡಿಗೆ ಹೋಗಿ ಅಲ್ಲಿಯೂ ಹೇಳಿದ. ಕೆಲವರು ಸುಮ್ಮನೆ ಕೇಳಿದರು. ಒಬ್ಬ ಮುದಿ ಡ್ರೈವರ್ ಅರ್ಧ ಕುಡಿದ ಚಾ ಅಲ್ಲೇ ಬಿಟ್ಟು ಎದ್ದು ಹೋದ. ಅಲ್ಲಿಂದ ಮುಂದೆ ಆ ಅಂಗಡಿಯಲ್ಲಿ ಉಮಾನಾಥನ ಬೆಂಚಿಗೆ ಯಾರೂ ಬಂದು ಕೂರಲಿಲ್ಲ. ಅವನು ಅದನ್ನು ಮನೆಗೆ ಬಂದು ದೂರಿಕೊಳ್ಳಲಿಲ್ಲ.

ಪದ್ದು ಮತ್ತೆ ಅವನ ಜೊತೆ ಮಾತಾಡಲು ಶುರು ಮಾಡಿದ್ದು ಮಳೆ ಹಿಡಿದ ಮೇಲೆ. ಮೊದಮೊದಲು ಉಪ್ಪು, ಕೊಡೆ, ಸೋರುವ ಹಂಚು, ಇಷ್ಟರ ಮಾತು. ಆಮೇಲೆ ಸ್ವಲ್ಪ ಹೆಚ್ಚು. ನಡುನಡುವೆ ಅವಳೊಬ್ಬಳೇ ಬಸ್ಸು ಹತ್ತಿ ಕಿರಿಮಂಜೇಶ್ವರಕ್ಕೆ ಹೋಗಿ ಬರುತ್ತಿದ್ದಳು. ಎಲ್ಲಿಗೆ ಹೋಗುತ್ತಿದ್ದೇನೆಂದು ಹೇಳುತ್ತಿದ್ದಳು, ಅವನು ತಲೆಯಾಡಿಸುತ್ತಿದ್ದ. ರಂಗಪೂಜೆಯ ಮಾತನ್ನು ಒಂದು ದಿನ ಅವಳು ಸುಂದರಿಗೆ ಹೇಳಿದಳು. ಸುಂದರಿ ಬೀಡಿಯ ನೂಲು ಕಡಿಯುತ್ತ, "ನಿಮ್ ಜಾಗದಂಗೆ ನಾನಿದ್ರೂ ಅದ್ನೇ ಮಾಡ್ತಿದ್ದೆ," ಎಂದಳು. ಆ ಮಾತಿನಿಂದ ಪದ್ದುವಿಗೆ ಸಮಾಧಾನವೇನೂ ಆಗಲಿಲ್ಲ.

ಕಾರ್ತೀಕದಲ್ಲಿ ಸುಬ್ಬನ ಆ ವರ್ಷದ ತಿಥಿ ಬಂತು. ಎರಡು ದಿನ ಮೊದಲು ಸುಂದರಿ ಫೋನು ಮಾಡಿಸಿದಳು. "ಇಬ್ರೂ ಬನ್ನಿ. ನೆಂಟ್ರೆಲ್ಲ ಬತ್ರ್. ಅವ್ರೆದುರ್ ಒಂದ್ಸಲ ಹೇಳ್ಕ್ ಅಂದೇಳಿ ಕಂಡಕ್ಟ್ರಿಗ್ ಹೇಳಿ."

ಉಮಾನಾಥ ಹೋದ. ಈ ಸಲ ಕಿರಿಮಂಜೇಶ್ವರದ ಸ್ಟಾಪಿನಲ್ಲೇ ಇಳಿದ. ಎಲೆ ಹಾಕಿ ಎಲ್ಲರೂ ಕೂತಾಗ ಚಪ್ಪರದ ಕಂಬದ ಹತ್ತಿರ ನಿಂತು ಹೇಳಿದ. ಸುಬ್ಬನ ಅಣ್ಣನ ಮಗ ಮಿಥುನ್ ಎದ್ದು ಹೊಡೆಯಲು ಬಂದ, ಇಬ್ಬರು ಅವನನ್ನು ಹಿಡಿದರು. ಹಿರಿಯರೊಬ್ಬರು, "ಸತ್ತೋರ್ ಸತ್ರ್, ಇನ್ನ್ ಎಂತಕ್ಕೆ ಇದೆಲ್ಲ?" ಎಂದರು.

"ಹೇಳ್ಲಿ," ಎಂದಳು ಸುಂದರಿ ಒಳಗಿನಿಂದ. "ಅವ್ರ್ ಹೇಳುವತ್ತಿಗೆ ಯಾರೂ ಕೇಣ್ಲಿಲ್ಲ. ಈಗಾರೂ ಕೇಣಿ."

ಎಲ್ಲರೂ ಕೇಳಿದರು. ಮಿಥುನ್ ಉಣ್ಣದೆ ಹೋದ. ಹೆಂಗಸರ ಸಾಲಿನಲ್ಲಿ, ಪದ್ದುವಿನ ಪಕ್ಕ, ಸುಗುಣ ಕೂತಿದ್ದಳು, ತಲೆ ಎತ್ತಲಿಲ್ಲ. ಉಮಾನಾಥ ಹೊರಡಲು ತಿರುಗಿದಾಗ ಸುಂದರಿ ಕೊನೆಯಲ್ಲಿ ಒಂದು ಎಲೆ ಹಾಕಿ, "ಕೂಕಣಿ, ತಿಥಿಯೂಟ, ಹಾಂಗೇ ಹೋಪ್ಕಾಗ," ಎಂದಳು. ಅವನಿಗೆ ಅನ್ನ ಬಡಿಸಿದಳು. ಸಾರು ಬಡಿಸಿದಳು. ಮುಖ ನೋಡಲಿಲ್ಲ. ಅವನು ಎಲೆಯಲ್ಲಿ ಒಂದಗುಳೂ ಬಿಡದೆ ಉಂಡ.

ಊಟವಾದ ಮೇಲೆ ಗಂಡ ಹೆಂಡತಿ ರಸ್ತೆಗೆ ಬಂದು ನಿಂತರು. ಬಿಸಿಲು ಇಳಿದಿತ್ತು. ತೋಟದಾಚೆಯಿಂದ ಕಡಲಿನ ಸದ್ದು ಕೇಳುತ್ತಿತ್ತು. ಇಲ್ಲಿಂದ ಕೊಡೇರಿಯವರೆಗಿನ ದಡವನ್ನು ಅವರಿನ್ನೂ ನಡೆದಿರಲಿಲ್ಲ.

"ಹೋಪ್ದಾ?" ಎಂದಳು ಪದ್ದು, ಆ ಕಡೆ ನೋಡುತ್ತ.

"ಇವತ್ತ್ ಬ್ಯಾಡ," ಎಂದ ಅವನು. "ಕಾಲ್ ನಡುಗ್ತ್."

ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಿಸಿ, ಸ್ಟಾಪಿನ ಕಟ್ಟೆಯ ಮೇಲೆ ಅವನಿಗೆ ಕೂರಲು ಜಾಗ ಬಿಟ್ಟು ಕೂತಳು.